ಹದಿನೇಳನೇ ಮನೆಯ ಮೆಟ್ಟಿಲು

ಅಕ್ಟೋಬರ್ 6, ಸೋಮವಾರ

ಈ ದಿನಚರಿಯ ಘನ ಸನ್ನಿಧಿಯಲ್ಲಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ (ಮಂಡಿಯ ಒತ್ತಾಯವೊಂದನ್ನು ಬಿಟ್ಟು) ನಾನು ಒಪ್ಪಿಕೊಳ್ಳುವುದೇನೆಂದರೆ: ಇಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನೊಂದು ಅಪರಾಧ ಮಾಡಿದೆ. ಹದಿನೇಳನೇ ನಂಬರಿನ ಮನೆಗೆ ಹೋಗದೆಯೇ ಹೋಗಿಬಂದೆ.

ಅಪರಾಧ ನಡೆದ ಸ್ಥಳ: ಆ ಮನೆಗೆ ಏರುವ ಕಲ್ಲುಮೆಟ್ಟಿಲುಗಳ ಪೈಕಿ ಮೊದಲನೆಯದು. ಒಟ್ಟು ಇನ್ನೂರ ಹನ್ನೆರಡು ಇವೆಯಂತೆ. ಎಣಿಸಿದವನು ನಾನಲ್ಲ, ನನಗೆ ದಾರಿ ತೋರಿಸಲು ಬಂದಿದ್ದ ಪೋಸ್ಟ್‌ಮ್ಯಾನ್. ಬಳಸಿದ ಆಯುಧ: ಇಲಾಖೆ ಕೊಟ್ಟ ನೀಲಿ ಪೆನ್ನು.

"ಮೇಲೆ ಯಾರಿದ್ದಾರೆ?" ಎಂದು ಕೇಳಿದೆ.

"ಒಬ್ಬಳೇ ಅಜ್ಜಿ, ಸಾರ್."

"ಏನು ಮಾತಾಡ್ತಾಳೆ?"

"ಅಯ್ಯೋ, ಸಿಕ್ಕಾಪಟ್ಟೆ ಮಾತಾಡ್ತಾಳೆ."

ನನಗೆ ಅಷ್ಟು ಸಾಕಾಯಿತು. ಮೊದಲನೆಯ ಮೆಟ್ಟಿಲ ಮೇಲೆ ಕೂತು ಬರೆದೆ: ಸದಸ್ಯರು, ಒಬ್ಬರು. ಮನೆಮಾತು, ಬಯಲುಭಾಷೆ. ಕೆಳಗೆ ಅಚ್ಚಾಗಿರುವ 'ಮೇಲ್ಕಂಡ ಮಾತನ್ನು ನಾನು ಸ್ವತಃ ಕಿವಿಯಾರೆ ಕೇಳಿದ್ದೇನೆ' ಎಂಬ ಸಾಲಿಗೆ ಸಹಿ. ಕಾಲಂ ತುಂಬಲು ಕೈ ಸಾಕು, ಕಾಲು ಬೇಕೆಂದು ಯಾವ ಸುತ್ತೋಲೆಯಲ್ಲೂ ಇಲ್ಲ.

ಭಾಷಾ ಗಣತಿ ಇಲಾಖೆಯ ಗಣತಿದಾರನಾದ ನನ್ನನ್ನು ಗಡಿಯ ಈ ಬೆಟ್ಟದೂರಿಗೆ ಕಳಿಸಿರುವುದು ಒಂದು ಸೊನ್ನೆಯನ್ನು ಖಚಿತಪಡಿಸಲು. ನಾವೆಲ್ಲ ಆಡುವ ಬಯಲುನಾಡಿನ ಬಯಲುಭಾಷೆಯಲ್ಲದೆ ಇಲ್ಲಿಯವರಿಗೆ ತಮ್ಮದೇ ಒಂದು ಮಾತು ಇತ್ತಂತೆ. ಅದಕ್ಕೆ ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ, 'ಇತರೆ–14' ಎಂಬ ಸಂಖ್ಯೆಯಿದೆ. ಶಾಲೆಯಲ್ಲಿ ಮೊದಲೆರಡು ತರಗತಿ ಅದರಲ್ಲೇ ನಡೆಯುತ್ತದೆ. ಅರವತ್ತೊಂದು ಮನೆಗಳಲ್ಲಿ ಕನಿಷ್ಠ ಮೂವತ್ತರಲ್ಲಿ ಆ ಮಾತು ಜೀವಂತ ಇದ್ದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಈ ವಿಷಯ ಮನೆಯವರಿಗೆ ಹೇಳಬಾರದು, ಹೇಳಿದರೆ ಉತ್ತರ ಕೆಡುತ್ತದೆ ಎಂಬುದು ನಿಯಮ.

ಇಂಥ ಕೆಲಸಕ್ಕೆ ನನ್ನನ್ನೇ ಏಕೆ ಆರಿಸಿದರು? ವಿನಯ ಬಿಟ್ಟು ಹೇಳುತ್ತೇನೆ, ಓದುವವನು ನಾನೊಬ್ಬನೇ ತಾನೇ. ನನಗೆ ಏಳು ಭಾಷೆ ಬರುತ್ತವೆ. ಇಡೀ ಇಲಾಖೆಯಲ್ಲಿ ನನ್ನ ಕಿವಿಗೆ ಸಮನಾದ ಕಿವಿಯಿಲ್ಲ. ಗೋಡೆಯಾಚೆ ಯಾರಾದರೂ ಕೆಮ್ಮಿದರೆ ಯಾವ ಭಾಷೆಯಲ್ಲಿ ಕೆಮ್ಮಿದರೆಂದು ಹೇಳಬಲ್ಲೆ.

ಅಕ್ಟೋಬರ್ 7, ಮಂಗಳವಾರ

ಹನ್ನೊಂದು ಮನೆ. ಹನ್ನೊಂದರಲ್ಲೂ ಬಯಲುಭಾಷೆ. ಅದೂ ಎಂಥ ಬಯಲುಭಾಷೆ! ವ್ಯಾಕರಣ ಮಡಿಚಿಟ್ಟ ಇಸ್ತ್ರಿ ಬಟ್ಟೆಯಂತೆ. ಬಾಗಿಲಲ್ಲಿ ನನ್ನ ನೆರಳು ಬಿದ್ದ ಕೂಡಲೇ "ಬನ್ನಿ, ಕೂತ್ಕೊಳ್ಳಿ, ಕಾಲು ನೋಯ್ತಿರಬೇಕು" ಎಂದು ಶುರು. ನನ್ನ ಪ್ರಶ್ನೆ ಒಂದೇ: "ನೀವು ಯಾವ ಭಾಷೆ ಮಾತಾಡ್ತೀರಿ?" ಉತ್ತರವೂ ಒಂದೇ: "ಇದೇ."

ನಾನು ಉಳಿದುಕೊಂಡಿರುವ ಮನೆಯ ಒಡತಿಗೆ ಅರವತ್ತರ ಮೇಲೆ. ಸೊಸೆ ಶಾಲೆಯಲ್ಲಿ ಟೀಚರು, ಮಗ ರಸ್ತೆ ಕೆಲಸದ ಲಾರಿ ಓಡಿಸುತ್ತಾನೆ, ಮೊಮ್ಮಗಳು ಒಂದನೇ ತರಗತಿ. ರಾತ್ರಿ ಊಟದಲ್ಲಿ ಉಪ್ಪು ಕೇಳಿದೆ. "ನಿನ್ನ ಮೇಲುಗಡೆ ಇದೆ ನೋಡು ತಮ್ಮಾ" ಎಂದರು ಒಡತಿ. ನಾನು ಸೂರು ನೋಡಿದೆ. ಸೂರಿನಲ್ಲಿ ಉಪ್ಪಿರಲಿಲ್ಲ. ಇಡೀ ಮನೆ ನಕ್ಕಿತು. ಇವರಿಗೆ ಎಡಬಲ ಎಂಬುದಿಲ್ಲವಂತೆ. ಬೆಟ್ಟ ಏರುವ ಕಡೆ ಮೇಲುಗಡೆ, ತೊರೆ ಇಳಿಯುವ ಕಡೆ ಕೆಳಗಡೆ. ಉಪ್ಪಿನ ಭರಣಿ ನನ್ನ ಬಲಗೈ ಪಕ್ಕದಲ್ಲಿತ್ತು. ಅನಾಗರಿಕ ಪದ್ಧತಿ! ಹಾಗಾದರೆ ಬಯಲಿನಲ್ಲಿ ಉಪ್ಪು ತಿನ್ನಬೇಕಾದರೆ ಏನು ಮಾಡುತ್ತಾರೆ?

ಅಕ್ಟೋಬರ್ 9, ಗುರುವಾರ

ಇಪ್ಪತ್ತಾರು ಮನೆ ಮುಗಿದವು. ಇತರೆ–14: ಸೊನ್ನೆ.

ಒಂದು ಸ್ವಾರಸ್ಯ ಗಮನಿಸಿದೆ. ದಿನಾ ಸಂಜೆ ಐದಕ್ಕೆ ಬೆಟ್ಟದ ತುದಿಯಿಂದ ಯಾರೋ ಆಡುಗಳನ್ನು ಕೂಗಿ ಕರೆಯುತ್ತಾರೆ. ಊರ ಕೆಳಗೆ ತೊರೆ, ತೊರೆಯೇ ಗಡಿ, ಅದರುದ್ದಕ್ಕೂ ಮುಳ್ಳುತಂತಿ. ಆಚೆಯ ಬೆಟ್ಟದಿಂದಲೂ ಇನ್ಯಾರೋ ತಮ್ಮ ಆಡುಗಳನ್ನು ಕೂಗುತ್ತಾರೆ. ಎಳೆದೆಳೆದು, ಏರಿಳಿದು, ಅರ್ಧ ಗಂಟೆ. ಆಡುಗಳಿಗೆ ಇಷ್ಟು ವಿವರವಾಗಿ ಏನು ಹೇಳುವುದಿರುತ್ತದೋ! ನಮ್ಮ ಸಾಹೇಬರು ಸಿಬ್ಬಂದಿ ಸಭೆಯಲ್ಲಿ ಮಾತಾಡುವುದು ನೆನಪಾಯಿತು. ಅಲ್ಲಿಯೂ ಕೇಳುವವರು ಹೆಚ್ಚುಕಡಿಮೆ ಇಂಥವರೇ.

ಅಕ್ಟೋಬರ್ 11, ಶನಿವಾರ

ಇಲ್ಲಿ ಮೊಬೈಲ್ ಎಂಬುದು ಗಡಿಯಾರ ಮಾತ್ರ. ಊರಿಗೆಲ್ಲ ಇರುವುದು ಪೋಸ್ಟ್ ಆಫೀಸಿನ ಗರಗರ ಫೋನೊಂದೇ. ಅಮ್ಮನಿಗೆ ಮಾಡಿದೆ.

"ಅಲ್ಲಿ ಯಾರಾದ್ರೂ ನಮ್ಮ ಮಾತು ಆಡೋರು ಸಿಕ್ಕಿದ್ರೇನೋ?" ಎಂದು ಕೇಳಿದಳು.

"ಅಮ್ಮಾ, ಅದು ಭಾಷೆ ಅಲ್ಲ ಬಿಡು. ನಿನ್ನ ಅಡುಗೆಮನೆ ಗುಣುಗುಣು. ಇಲಾಖೆ ಪಟ್ಟಿಲೇ ಇಲ್ಲ."

"ಸರಿ ಬಿಡಪ್ಪ. ಊಟ ಆಯ್ತಾ?"

ಅಮ್ಮ ತನ್ನ ತವರಿನಿಂದ ಪಾತ್ರೆಗಳ ಜೊತೆಗೆ ಒಂದಿಷ್ಟು ಮಾತನ್ನೂ ತಂದಿದ್ದಳು. ಅಪ್ಪನಿಗೆ ಅದು ಬರುತ್ತಿರಲಿಲ್ಲ. ಪಾತ್ರೆ ಬಿದ್ದಾಗ, ಕೈ ಸುಟ್ಟಾಗ ಅದನ್ನು ಬಳಸುತ್ತಿದ್ದಳು. ನಾನು ಹಾಸ್ಟೆಲಿಗೆ ಹೋಗುವ ಹೊತ್ತಿಗೆ ಪಾತ್ರೆಗಳೆಲ್ಲ ಸ್ಟೀಲಿನವಾದವು, ಬಿದ್ದರೂ ಒಡೆಯುತ್ತಿರಲಿಲ್ಲ.

ಇದನ್ನೇಕೆ ಬರೆದೆನೋ. ಇಂದಿಗೆ ಮೂವತ್ತೆಂಟು ಮನೆ.

ಅಕ್ಟೋಬರ್ 14, ಮಂಗಳವಾರ

ಬೆಳಿಗ್ಗೆ ಟೀಚರಮ್ಮ ಚಹಾ ಲೋಟ ಇಟ್ಟು ಅಲ್ಲೇ ನಿಂತರು.

"ಸರ್, ಒಂದು ಮಾತು. ನನಗೆ ಇಲಾಖೆಯಿಂದ ನೋಟೀಸು ಬಂದಿದೆ, ಊರಲ್ಲಿ ಯಾರ ಹತ್ರಾನೂ ಈ ವಿಷಯ ಎತ್ತಬಾರದು ಅಂತ. ಎತ್ತಿಲ್ಲ. ಆದ್ರೆ ನಿಮಗೆ ಹೇಳಬಹುದಲ್ವಾ? ಈ ಊರಲ್ಲಿ ಎಲ್ಲರ ಮನೇಲೂ ನಮ್ಮ ಮಾತೇ ಆಡೋದು."

"ಮೇಡಂ, ನಲವತ್ತೊಂಬತ್ತು ಮನೆ ನೋಡಿದೀನಿ. ಒಂದು ಶಬ್ದ ಕೇಳಿಲ್ಲ."

"ನೀವು ಇದ್ದಾಗ ಆಡಲ್ಲ."

"ನಾನು ಇಲ್ಲದಾಗ ಆಡೋದನ್ನ ನಾನು ಹೇಗೆ ಕೇಳೋದು?"

ತರಗತಿ ಮುಚ್ಚಿದರೆ ಅವರನ್ನು ಬಯಲಿಗೆ ವರ್ಗ ಮಾಡುತ್ತಾರೆ, ಹನ್ನೆರಡು ಗಂಟೆಯ ದಾರಿ. ಆದ್ದರಿಂದ ಅವರು ಹೇಳಿದ್ದು ಸಾಕ್ಷ್ಯವಲ್ಲ, ಸ್ವಹಿತ. ಮುಖ ಸಣ್ಣದು ಮಾಡಿಕೊಂಡು ಹೋದರು. ವಿಜ್ಞಾನಕ್ಕೆ ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ. ಚಹಾ ಆರಿಹೋಗಿತ್ತು.

ಅಕ್ಟೋಬರ್ 16, ಗುರುವಾರ

ಮುಗಿಯಿತು! ಅರವತ್ತೊಂದು ಮನೆ, ಇತರೆ–14: ಸೊನ್ನೆ. ನಮೂನೆಗಳ ಕಂತೆ ಬೆಳಗಿನ ಜೀಪಿನಲ್ಲಿ ಹೋಯಿತು. ಷರಾ ಬರೆಯುವಾಗ ಕೈ ತಡೆಯಲಿಲ್ಲ: 'ಈ ಮಾತು ಸಂಪೂರ್ಣವಾಗಿ ನಿಂತುಹೋಗಿದೆ ಎಂದು ಏಳು ಭಾಷೆ ಬಲ್ಲ ನನ್ನ ಕಿವಿ ದೃಢಪಡಿಸುತ್ತದೆ.' ಮೇಲ್ವಿಚಾರಕನ ಬಡ್ತಿ ಪಟ್ಟಿಯಲ್ಲಿ ನನ್ನದು ಎರಡನೇ ಹೆಸರು. ಮೊದಲನೆಯವನಿಗೆ ಬರೀ ನಾಲ್ಕು ಭಾಷೆ.

ಮುಂದಿನ ಜೀಪು ಸೋಮವಾರ. ಅಲ್ಲಿಯವರೆಗೆ ವಿಶ್ರಾಂತಿ.

ಅಕ್ಟೋಬರ್ 18, ಶನಿವಾರ

ನೆಗಡಿ. ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಹೋಗಿಬರುತ್ತೇನೆಂದು ಹೇಳಿ ಹೊರಟವನು, ತಲೆ ಸುತ್ತಿ, ಹಿಂದಿನ ಮೆಟ್ಟಿಲಿಂದ ಮಹಡಿಯ ಕೋಣೆಗೆ ಹತ್ತಿ ಮಲಗಿಬಿಟ್ಟೆ. ಕೆಳಗಿನವರಿಗೆ ಗೊತ್ತಾಗಲಿಲ್ಲ.

ಹನ್ನೊಂದರ ಸುಮಾರಿಗೆ ಎಚ್ಚರವಾಯಿತು. ನೆಲದ ಹಲಗೆಯ ಸಂದಿಯಿಂದ ಶಬ್ದ ಬರುತ್ತಿತ್ತು. ಮೊದಲಿಗೆ ರೇಡಿಯೊ ಎಂದುಕೊಂಡೆ. ಆಮೇಲೆ ಅದರಲ್ಲಿ ಒಡತಿಯ ದನಿ ಸಿಕ್ಕಿತು, ಆದರೆ ನಾನು ಹನ್ನೆರಡು ದಿನ ಕೇಳಿದ ದನಿಯಲ್ಲ. ಬಯಲುಭಾಷೆಯಲ್ಲಿ ಅವರು ನಿಧಾನದ ಹೆಂಗಸು, ಒಂದೊಂದೇ ಪದವನ್ನು ಒರೆಸಿ ಇಡುವವರು. ಇಲ್ಲಿ ಸೊಸೆಯನ್ನು ಅಣಕಿಸುತ್ತಿದ್ದರು, ಮಗನ ಮೇಲೆ ರೇಗುತ್ತಿದ್ದರು, ಯಾರದೋ ನಡಿಗೆಯನ್ನೋ ಕೆಮ್ಮನ್ನೋ ನಕಲು ಮಾಡುತ್ತಿದ್ದರು. ಟೀಚರಮ್ಮ ಉಸಿರು ಸಿಗದಷ್ಟು ನಗುತ್ತಿದ್ದರು. ನಕಲು ನನ್ನದೇ ಎಂದು ಅನುಮಾನ. ಮಂಡಿ ಹಿಡಿದು 'ಉಸ್ಸ್' ಎನ್ನುವುದಕ್ಕೆ ಅನುವಾದ ಬೇಕಿಲ್ಲ.

ಎಷ್ಟು ಹೊತ್ತು ಕೇಳಿದೆನೋ. ಆಮೇಲೆ ಇಳಿದು ಹೋಗಿ ಬಾಗಿಲಲ್ಲಿ ನಿಂತೆ. ಒಂದು ವಾಕ್ಯದ ನಟ್ಟನಡುವೆ ಒಡತಿ ತಿರುಗಿದರು. ವಾಕ್ಯದ ಉಳಿದರ್ಧ ಬಯಲುಭಾಷೆಯಲ್ಲಿ ಹೊರಬಂತು:

"...ಅಯ್ಯೋ ತಮ್ಮಾ, ಮುಖ ಯಾಕೆ ಕೆಂಪಗಿದೆ? ಜ್ವರಾನಾ? ಬಾ, ಒಲೆ ಹತ್ರ ಕೂತ್ಕೋ."

"ನೀವು ಈಗ ಏನು ಮಾತಾಡ್ತಿದ್ರಿ?"

"ಮನೆ ಮಾತು."

"ಮತ್ತೆ ನಾನು ಕೇಳಿದಾಗ ಬಯಲುಭಾಷೆ ಅಂದ್ರಿ!"

"ನೀನು ಏನು ಕೇಳಿದೆ? ಯಾವ ಭಾಷೆ ಮಾತಾಡ್ತೀರಿ ಅಂತ. ನಿನ್ನ ಜೊತೆ ಇದನ್ನ ತಾನೇ ಮಾತಾಡ್ತಿದ್ದದ್ದು? ಇರೋದನ್ನ ಹೇಳಿದ್ವಿ."

"ನನ್ನ ಎದುರಿಗೆ ಒಂದು ಸಲಾನಾದ್ರೂ..."

"ಹೊರಗಿನವರು ಬಂದು ಕೂತಿರುವಾಗ ಅವರಿಗೆ ತಿಳೀದ ಮಾತಾಡೋದಾ?" ಒಡತಿಗೆ ನಿಜಕ್ಕೂ ಗಾಬರಿ. "ಅದು ಮುಖದ ಮೇಲೆ ಬಾಗಿಲು ಹಾಕಿದ ಹಾಗಲ್ವಾ? ನಿಮ್ಮ ಕಡೆ ಹಾಗೆ ಮಾಡ್ತಾರಾ?"

ಟೀಚರಮ್ಮ ನನ್ನ ಕಡೆ ನೋಡಲಿಲ್ಲ. ಒಲೆಗೆ ಸೌದೆ ಹಾಕಿದರು.

ಹನ್ನೆರಡು ದಿನ ನಾನು ಅರವತ್ತು ಮನೆಗಳ ಬಾಗಿಲಲ್ಲಿ ನಿಂತು, ನಿಂತದ್ದರಿಂದಲೇ ಒಂದು ಭಾಷೆಯ ಬಾಯಿ ಮುಚ್ಚಿಸಿ, ಅದು ಮೂಕವಾಗಿದೆ ಎಂದು ಬರೆದುಕೊಂಡಿದ್ದೇನೆ.

ಅಕ್ಟೋಬರ್ 20, ಸೋಮವಾರ

ಜೀಪು ಹೋಯಿತು. ನಾನು ಹೋಗಲಿಲ್ಲ. ಸಾಹೇಬರಿಗೆ ಫೋನು.

"ಕಳಿಸಿದ ಮೇಲೆ ಮುಗೀತು ಕಣಯ್ಯ. ನಿನಗೆ ಆಮೇಲೆ ಏನೋ ಕೇಳಿಸ್ತು ಅಂತ ಗಣತಿ ಬದಲಾಯಿಸಕ್ಕಾಗತ್ತಾ? ಒಂದೇ ಒಂದು ನಮೂನೆಯಾದ್ರೂ ಸುಳ್ಳು ಅಂತ ಸಾಬೀತಾದ್ರೆ ಮಾತ್ರ ಇಡೀ ಊರಿನ ಮರುಗಣತಿ. ಸುಳ್ಳು ನಮೂನೆ ಇದೆಯಾ?"

ಫೋನು ಗರಗರ ಎಂದಿತು. ಪೋಸ್ಟ್‌ಮ್ಯಾನ್ ಅಂಚೆಚೀಟಿಗಳನ್ನು ಬಹಳ ಶ್ರದ್ಧೆಯಿಂದ ಎಣಿಸತೊಡಗಿದ.

"ವಿಚಾರಿಸಿ ಹೇಳ್ತೀನಿ, ಸಾರ್" ಎಂದೆ.

ವಿಚಾರಿಸುವುದೇನಿದೆ.

ಅಕ್ಟೋಬರ್ 21, ಮಂಗಳವಾರ

ಇನ್ನೂರ ಹನ್ನೆರಡು ಸುಳ್ಳು. ಇನ್ನೂರ ಒಂಬತ್ತು ಮೆಟ್ಟಿಲಿವೆ.

ಪೋಸ್ಟ್‌ಮ್ಯಾನನೂ ಬಂದ. ಹದಿನೇಳನೇ ಮನೆಯ ಅಜ್ಜಿ ಬಾಗಿಲಲ್ಲೇ ಕೂತು ಉಣ್ಣೆ ನೂಲುತ್ತಿದ್ದಳು. ನಾನು ಬಯಲುಭಾಷೆಯಲ್ಲಿ ನಮಸ್ಕಾರ ಹೇಳಿದೆ. ಅಜ್ಜಿ ಉತ್ತರ ಶುರುಮಾಡಿದಳು, ತನ್ನ ಮಾತಿನಲ್ಲಿ, ಪೂರ್ತಿ ಮುಕ್ಕಾಲು ಗಂಟೆ.

"ಇವಳಿಗೆ ಬಯಲುಭಾಷೆ ಬರೋದೇ ಇಲ್ಲ, ಸಾರ್" ಎಂದ ಪೋಸ್ಟ್‌ಮ್ಯಾನ್. "ಇಡೀ ಊರಲ್ಲಿ ಇವಳೊಬ್ಬಳಿಗೇ."

"ಇದನ್ನ ಆವತ್ತೇ ಹೇಳೋಕೇನಾಗಿತ್ತು?"

"ನೀವು ಕೂತು ಬರೀತಿದ್ರಿ. ಸಾಹೇಬ್ರು ಬರೆಯುವಾಗ ಮಧ್ಯೆ ಬಾಯಿ ಹಾಕೋದು ಹೇಗೆ?"

ಮರ್ಯಾದೆ! ಈ ಊರಿನವರ ಮರ್ಯಾದೆಯೇ ಅವರ ತರಗತಿಯನ್ನು ಮುಚ್ಚಿಸಲು ಹೊರಟಿದೆ. ಇದ್ದ ಅರವತ್ತೊಂದರಲ್ಲಿ ನನಗೆ ನಿಜ ಕೇಳಿಸಬಹುದಾಗಿದ್ದ ಒಂದೇ ಒಂದು ಮನೆ ಇದು. ಅದನ್ನೇ ಹುಡುಕಿ ತಪ್ಪಿಸಿದ್ದೆ.

ಐದು ಗಂಟೆಗೆ ಅಜ್ಜಿ ಎದ್ದು ಅಂಗಳದ ಅಂಚಿಗೆ ಹೋಗಿ ಕೂಗಿದಳು. ನನ್ನ 'ಆಡು ಕರೆಯುವವರು'. ಸುತ್ತ ಒಂದು ಆಡೂ ಇರಲಿಲ್ಲ. ಆಚೆಯ ಬೆಟ್ಟದಿಂದ ಉತ್ತರ ಬಂತು. ತಂಗಿಯಂತೆ. ತಂತಿ ಬೇಲಿ ಬಂದ ಮೇಲೆ ಇಬ್ಬರೂ ಮುಖ ನೋಡಿಲ್ಲ, ಇಪ್ಪತ್ತಾರು ವರ್ಷ. ಇಂದಿನ ಸುದ್ದಿ ಏನೆಂದು ಪೋಸ್ಟ್‌ಮ್ಯಾನನನ್ನು ಕೇಳಿದೆ.

"ತಂಗಿಗೆ ಹಲ್ಲು ನೋವಂತೆ. ಇವಳು, ನಮ್ಮನೆಗೆ ಕೊನೆಗೂ ಗಣತಿಯವನು ಬಂದ, ಪಾಪ, ಮಾತು ಬಾರದವನು ಅಂತಿದಾಳೆ."

ಪೆನ್ನು ಕೆಳಗಡೆಯ (ತೊರೆಯ ಕಡೆಯ) ಜೇಬಿನಲ್ಲಿತ್ತು. ಅಜ್ಜಿಯ ಹೊಸ್ತಿಲ ಮೇಲೆ ಕೂತು ಸಾಹೇಬರಿಗೆ ಪತ್ರ ಬರೆದೆ: 'ಹದಿನೇಳನೇ ನಮೂನೆ ಸುಳ್ಳು. ಬರೆದವನು ನಾನು. ಮನೆಗೆ ಹೋಗಿರಲಿಲ್ಲ.' ಈ ದಿನಚರಿಯ ಮುಂದೆ ಎಷ್ಟು ಸಲೀಸಾಗಿ ಬಂದ ವಾಕ್ಯ! ಅಲ್ಲಿ ಮೂರು ಹಾಳೆ ಹರಿದೆ.

ಅಕ್ಟೋಬರ್ 24, ಶುಕ್ರವಾರ

ಫೋನಿನಲ್ಲಿ ಸಾಹೇಬರು ಹತ್ತು ನಿಮಿಷ ಬೈದರು. ಏಳು ಭಾಷೆಯಲ್ಲೂ ನನಗೆ ಗೊತ್ತಿಲ್ಲದ ಬೈಗುಳಗಳಿದ್ದವು. ಬಡ್ತಿ ಪಟ್ಟಿಯಿಂದ ಹೆಸರು ಹೋಯಿತು. ಮರುಗಣತಿಗೆ ಮೂರು ದಿನ, ನಾನೇ ಮಾಡಬೇಕು, ಮೂವತ್ತು ಮನೆಯಲ್ಲಿ ಸ್ವತಃ ಕೇಳಬೇಕು, ಪ್ರತಿ ಮನೆಗೂ ಪೋಸ್ಟ್‌ಮ್ಯಾನ್ ಸಾಕ್ಷಿ.

ಸಂಜೆಯೊಳಗೆ ಎಂಟು ಮನೆಗೆ ಹೋದೆ. "ದಯವಿಟ್ಟು ನಿಮ್ಮ ಮಾತಲ್ಲೇ ಮಾತಾಡಿ" ಎಂದು ಕೈಮುಗಿದೆ. ಅವರೂ ಕೈಮುಗಿದರು. "ಅದು ಹೇಗೆ ಸಾರ್, ನೀವಿದ್ದೀರಲ್ಲ" ಎಂದು ಬಯಲುಭಾಷೆಯಲ್ಲಿ ನಕ್ಕರು. ಒಬ್ಬ ಬಡಗಿ ಮಾತ್ರ ಪ್ರಯತ್ನಿಸಿದ. ಬಾಯಿ ತೆರೆದ, ನನ್ನ ಮುಖ ನೋಡಿದ, ನಾಚಿ ಒಳಗೆ ಹೋದ. ಸೊನ್ನೆ.

ಊಟ ಸೇರಲಿಲ್ಲ. ಒಡತಿ ಕಾರಣ ಕೇಳಿದರು. ನಿಯಮ ಮುರಿದು ಎಲ್ಲ ಹೇಳಿಬಿಟ್ಟೆ: ತರಗತಿ, ಮೂವತ್ತು ಮನೆ, ಸೊನ್ನೆ, ಮೊದಲನೆಯ ಮೆಟ್ಟಿಲು.

ಅಮ್ಮ (ಒಡತಿ) ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಆಮೇಲೆ ಹೇಳಿದರು:

"ನೀನೊಬ್ಬನೇ ಹೋದ್ರೆ ನೀನು ಅತಿಥಿ. ನಿನಗಿಂತ ಹಿರಿಯರನ್ನ ಕರ್ಕೊಂಡು ಹೋದ್ರೆ?"

"ಅಂದ್ರೆ?"

"ಬಂದವರು ಇಬ್ಬರಾದ್ರೆ ದೊಡ್ಡವರಿಗೆ ಯಾವ ಮಾತು ತಿಳಿಯುತ್ತೋ ಅದನ್ನೇ ಆಡ್ಬೇಕು. ಮೇಲಿನ ಅಜ್ಜಿಗೆ ಎಂಬತ್ತೆರಡು. ಬಯಲುಭಾಷೆ ಒಂದಕ್ಷರ ಬರಲ್ಲ."

ಟೀಚರಮ್ಮ ತುತ್ತು ಕೈಯಲ್ಲೇ ಹಿಡಿದು ಅತ್ತೆಯನ್ನು ನೋಡಿದರು. ಹದಿನೆಂಟು ದಿನಗಳಲ್ಲಿ ಮೊದಲ ಬಾರಿ ನನ್ನ ಎದುರೇ ಅತ್ತೆಗೆ ಏನೋ ಅಂದರು, ಮನೆ ಮಾತಿನಲ್ಲಿ, ತಡೆಯಲಾಗದೆ. ಕೂಡಲೇ ನಾಲಿಗೆ ಕಚ್ಚಿಕೊಂಡು "ಕ್ಷಮಿಸಿ ಸರ್" ಎಂದರು.

"ಒಂದು" ಎಂದೆ ನಾನು.

ಅಕ್ಟೋಬರ್ 27, ಸೋಮವಾರ

ಐವತ್ತೆಂಟು.

ಉಳಿದ ಮೂರರಲ್ಲಿ ಒಂದಕ್ಕೆ ಬೀಗ, ಒಂದು ಬಯಲಿನಿಂದ ಬಂದ ನರ್ಸಮ್ಮನದು, ಇನ್ನೊಂದು ಗಡಿ ಕಾವಲಿನವರದು. ಮೂರು ದಿನ ಅಜ್ಜಿ ಮುಂದೆ, ಪೋಸ್ಟ್‌ಮ್ಯಾನ್ ನಡುವೆ, ನಾನು ಏದುಸಿರಿನೊಂದಿಗೆ ಹಿಂದೆ. ಅಜ್ಜಿ ಪ್ರತಿ ತಿರುವಿನಲ್ಲೂ ನಿಂತು ನನಗಾಗಿ ಕಾಯುತ್ತಿದ್ದಳು. ಬಾಗಿಲಲ್ಲಿ ಅವಳ ನೆರಳು ಬಿದ್ದದ್ದೇ ತಡ, ನನಗೆ ತಣ್ಣಗೆ ಶುದ್ಧವಾಗಿ ಉತ್ತರ ಕೊಟ್ಟಿದ್ದ ಆ ಮನೆಗಳೆಲ್ಲ ಒಲೆ ಹತ್ತಿದ ಹಾಗೆ ಚಟಪಟ ಎಂದವು. ಜಗಳ, ಕುಶಾಲು, ಯಾರದೋ ಮದುವೆ ಮಾತು. ನನಗೆ ಯಾರೂ ಏನೂ ಹೇಳಲಿಲ್ಲ. ಮೂಲೆಯಲ್ಲಿ ಕೂತಿದ್ದೆ. ಆ ಬಡಗಿಯಂತೂ ಅಜ್ಜಿಯ ಕೈ ಹಿಡಿದು ಅತ್ತ. ಏಕೆಂದು ಪೋಸ್ಟ್‌ಮ್ಯಾನನನ್ನು ಕೇಳಬಹುದಿತ್ತು, ಕೇಳಲಿಲ್ಲ.

ಮಂಡಿ ನೋವಿನ ವಿಷಯ ಬರೆಯಲು ಮರೆತೆ. ಇರಬೇಕು.

ಅಕ್ಟೋಬರ್ 29, ಬುಧವಾರ

ತರಗತಿ ಉಳಿಯಿತು. ಆದೇಶವನ್ನು ಸಾಹೇಬರು ಫೋನಿನಲ್ಲೇ ಓದಿದರು. ಟೀಚರಮ್ಮ ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತು ಆ ಆದೇಶವನ್ನು ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡರು.

ಆಮೇಲೆ ಚೀಲದಿಂದ ಒಂದು ಖಾಲಿ ನಮೂನೆ ತೆಗೆದರು. ಮೂರು ವಾರ ಮೀರಿ ತಂಗಿದವರನ್ನು ತಂಗಿದ ಮನೆಯಲ್ಲೇ ಎಣಿಸಬೇಕೆಂಬ ನಿಯಮವನ್ನು ನನಗೇ ಓದಿ ತೋರಿಸಿದರು. ನಾನು ಒಡತಿಯ ಮನೆಯ ಐದನೇ ಸದಸ್ಯ.

"ಬಲ್ಲ ಭಾಷೆಗಳು?"

"ಏಳು" ಎಂದೆ, ಎದೆ ಸ್ವಲ್ಪ ಮುಂದಾಯಿತು.

"ಮನೆಮಾತು?"

"ಬಯಲುಭಾಷೆ."

"ಅಮ್ಮನ ಜೊತೆಗೂ?"

ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಆಮೇಲೆ, ಹೇಳಬಾರದಿತ್ತು, ಹೇಳಿದೆ: ಅಮ್ಮನದು ಬೇರೆ. ಪಟ್ಟಿಯಲ್ಲಿಲ್ಲ. ನನಗೂ ಬರುತ್ತದೆ, ಬರದೇ ಏನು, ಹುಟ್ಟಿದಾಗಿನಿಂದ ಕೇಳಿದ್ದೇನೆ. ಬೇಕಿದ್ದರೆ ಎಂಟು ಎಂದು ಬರೆಯಿರಿ.

"ಬರೀತೀನಿ ಸರ್. ಆದ್ರೆ ಸ್ವತಃ ಕಿವಿಯಾರೆ ಕೇಳದೆ ನಾನು ಸಹಿ ಹಾಕಲ್ಲ."

ಪೋಸ್ಟ್‌ಮ್ಯಾನ್ ಆಗಲೇ ಅಮ್ಮನ ನಂಬರು ತಿರುಗಿಸುತ್ತಿದ್ದ. ಒಡತಿ ಬಂದರು. ಅಜ್ಜಿಯೂ ಇದ್ದಳು, ಬೆಂಚಿನ ಮೇಲುಗಡೆ ತುದಿಯಲ್ಲಿ, ನೂಲು ಹಿಡಿದು. ನಾಲ್ಕು ಜನ ಸಾಕ್ಷಿಗಳು. ಗರಗರದ ನಡುವೆ ಅಮ್ಮ 'ಹಲೋ' ಎಂದಳು.

ಅಂದು ಅಜ್ಜಿಯ ಮೆಟ್ಟಿಲಿಳಿಯುವಾಗಲೇ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ವಾಕ್ಯ. ನಾನು ಚೆನ್ನಾಗಿದ್ದೇನೆ, ನೀನು ಊಟ ಮಾಡಿದೆಯಾ, ಮುಂದಿನ ವಾರ ಬರುತ್ತೇನೆ. ಅವಳ ಮಾತಿನಲ್ಲಿ, ಒಂದೊಂದೇ ಪದವನ್ನು ಒರೆಸಿ ಇಟ್ಟು, ಪೂರ್ತಿ ಹೇಳಿದೆ.

ಆಮೇಲೆ ಅಮ್ಮ, ಬಹಳ ಮರ್ಯಾದೆಯಿಂದ, ಬಯಲುಭಾಷೆಯಲ್ಲಿ ಹೇಳಿದಳು:

"ನೀವು ಯಾರೋ ಗೊತ್ತಾಗ್ಲಿಲ್ಲ ಸ್ವಾಮಿ. ನೀವಾಡೋ ಭಾಷೆ ನನಗೆ ಬರಲ್ಲ. ನನ್ನ ಮಗ ಊರಲ್ಲಿಲ್ಲ. ಅವನಿಗೆ ಏಳು ಭಾಷೆ ಬರುತ್ತೆ, ನಿಮ್ಮದೂ ಬರಬಹುದು. ಅವನು ಬಂದ ಮೇಲೆ ಮಾಡ್ತೀರಾ?"

"ಆಗಲಿ ಅಮ್ಮಾ, ಅವನು ಬಂದ ಮೇಲೆ ಮಾಡ್ತೀನಿ" ಎಂದು ಬಯಲುಭಾಷೆಯಲ್ಲೇ ಹೇಳಿ ಫೋನು ಇಟ್ಟೆ.